ಅಮ್ಮ ತೊಳೆದ ಅದಿರು

ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದ ತಾಯಿ, ಮಗಳು ನನ್ನ ಬೆಂಚಿನಲ್ಲೇ ಕೂತಿದ್ದರು. ಮಗಳ ತೊಡೆಯ ಮೇಲೆ ಸುತ್ತಿಗೆ, ಖಾಲಿ ಚೀಲ ಇದ್ದವು.

"ಧೂಳು ಅಂತ ಬ್ರಷ್ ಹಾಕಿ ತೊಳೆದೆ ಕಣೇ ಸಿಂಚನ. ಕಲ್ಲಿನ ಮೇಲೆ ನಂಬರ್ ಬರೆದಿದ್ದೀಯ ಅಂತ ನಂಗೇನು ಗೊತ್ತು?"

"ಹನ್ನೆರಡೂ ಅಳಿಸಿಹೋಗಿವೆ. ಗಣಿಯ ಯಾವ ಜಾಗದಲ್ಲಿ ಎಷ್ಟು ಲೋಹ ಇದೆ ಅಂತ ಈಗ ಹೇಗಮ್ಮ ಹೇಳಲಿ?"

"ಸೋಮವಾರವೇ ರಿಪೋರ್ಟ್ ಕೊಡಬೇಕಲ್ಲ. ಅಂದಾಜಲ್ಲಿ ಬರೆದ್ಬುಡು. ನಿಮ್ಮ ಮೇಷ್ಟ್ರೇನು ಗಣಿಗೆ ಬಂದಿದ್ರಾ?"

"ನಾನು ಹೋಗಿದ್ನಲ್ಲಮ್ಮ. ಈಗ ಮತ್ತೆ ಹೋಗಿ ಕಲ್ಲು ಒಡೆದು ತರ್ತೀನಿ."

ಬಸ್ಸು ಬಂದಾಗ, ಮಗಳನ್ನು ಕಳಿಸಲು ಬಂದಿದ್ದ ತಾಯಿ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ತಾವೇ ಮೊದಲು ಹತ್ತಿದರು.

"ನೀನ್ಯಾಕಮ್ಮ? ಬಿಸಿಲಲ್ಲಿ ಗುಡ್ಡ ಹತ್ತಬೇಕು."

"ತೊಳೆದೋಳು ನಾನು, ಹೊರೋಳೂ ನಾನೇ. ನೀನು ನಂಬರ್ ಹಾಕು. ಈ ಸಲ ಪೇಂಟಲ್ಲಿ ಬರಿ."