ಬಾಯಿ ಹಾಕದೆ ಕೇಳಿದ ಐದು ನಿಮಿಷ

ಇದನ್ನು ಮೊದಲು ಹೇಳಿದವರು ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಉಷಶ್ರೀ. ಹೇಳಿದ್ದು ಕಳೆದ ಕಾರ್ತಿಕದ ಒಂದು ಸಂಜೆ, ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ. ಕಣ್ಣಾಸ್ಪತ್ರೆಯಲ್ಲಿ ಅವರ ಪಕ್ಕದಲ್ಲೇ ಬೀಗಿತ್ತಿಯರಿಬ್ಬರು ಕುಳಿತಿದ್ದರಂತೆ: ಹಾಸನದ ಕಡೆಯ ರತ್ನಮ್ಮ, ಮತ್ತು ಅವರ ಸೊಸೆಯ ತಾಯಿ ಹೈಮಾವತಿ. ಹೈಮಾವತಿಯವರದು ತೆಲುಗು ಬೆರೆತ ಕನ್ನಡ; ರತ್ನಮ್ಮನನ್ನು ‘ವದಿನಗಾರೂ’, ಅಂದರೆ ಅತ್ತಿಗೆಯವರೇ, ಎಂದೇ ಕರೆಯುವರು.

“ಆರು ತಿಂಗಳು ಮುಚ್ಚಿಟ್ಟಿರಲ್ಲ ವದಿನಗಾರೂ! ಸಾರಿಗೆ ಎರಡೆರಡು ಸಲ ಉಪ್ಪು ಬಿದ್ದಾಗಲೇ ನನಗೆ ಡೌಟು.”

“ಕಣ್ಣು ಮಂಜು ಅಂದ್ರೆ ಒಲೆ ಮುಂದೆ ನಿಲ್ಲೋಕೆ ಬಿಡ್ತಾರಾ ಅತ್ತಿಗೆ?”

“ಮತ್ತೆ ನಮ್ಮ ಮೊಮ್ಮಗಳು ಹಂಸಾಗೆ ಹೇಗೆ ಹೇಳಿದಿರಿ?”

“ಸ್ಕೂಲಲ್ಲಿ ಟೀಚರಮ್ಮ ಹೋಂವರ್ಕ್ ಕೊಟ್ಟಿದ್ರು. ಮನೇಲಿ ಒಬ್ಬರ ಮಾತು ಐದು ನಿಮಿಷ ಕೇಳಬೇಕು, ನಡುವೆ ಬಾಯಿ ಹಾಕಬಾರದು, ಬುದ್ಧಿ ಹೇಳಬಾರದು. ಮೊಮ್ಮಗಳಿಗೆ ಕನ್ನಡ ಅರೆಬರೆ, ಏನು ತಿಳಿಯುತ್ತೆ ಅಂತ ಧೈರ್ಯವಾಗಿ ಎಲ್ಲಾ ಹೇಳಿಬಿಟ್ಟೆ.”

“ಅಯ್ಯೋ ರಾಮ, ಅವಳಿಗೆ ಎಲ್ಲಾ ತಿಳಿಯುತ್ತೆ! ಓಡಿಹೋಗಿ ಅಪ್ಪನಿಗೆ ಹೇಳಿದಳಾ?”

“ಇಲ್ಲ. ‘ಅಜ್ಜಿ, ನಾನು ಹೇಳಲಾ, ನೀವೇ ಹೇಳ್ತೀರಾ?’ ಅಂತ ಕೇಳಿದ್ಲು. ಇಷ್ಟು ವರ್ಷದಲ್ಲಿ ನನ್ನನ್ನ ಹಾಗೆ ಕೇಳಿದವರೇ ಇಲ್ಲ. ಆಮೇಲೆ ಮಗನಿಗೆ ನಾನೇ ಹೇಳಿದೆ.”

“ಲೆಕ್ಕ, ಸೈನ್ಸ್ ಯಾರಾದರೂ ಕಲಿಸ್ತಾರೆ. ಆ ಟೀಚರಿಗೆ ದೊಡ್ಡ ನಮಸ್ಕಾರ.”

ಅಷ್ಟರಲ್ಲಿ ಕಣ್ಣಿನ ಆಪರೇಷನ್ನಿಗೆ ಮುಂಚಿನ ತಪಾಸಣೆಗೆಂದು ಒಳಗಿನಿಂದ ರತ್ನಮ್ಮನ ಹೆಸರು ಕೂಗಿದರು. ಆಪರೇಷನ್ ಎಂದರೆ ಮೊದಲಿನಿಂದಲೂ ಅವರ ಜೀವ ಹಾರಿಹೋಗುತ್ತಿತ್ತು. ಆದರೆ ಯಾರ ಮುಂದೆಯೂ ಅದನ್ನು ಆಡಿದವರಲ್ಲ.

“ನಾನು ಇಲ್ಲೇ ಕೂತಿರಲಾ ವದಿನಗಾರೂ?”

“ಬೇಡ ಅತ್ತಿಗೆ, ಜೊತೆಗೆ ಬನ್ನಿ. ನನಗೆ ಭಯ ಆಗ್ತಿದೆ.”

ಇಬ್ಬರೂ ಕೈಹಿಡಿದುಕೊಂಡು ಒಳಗೆ ಹೋದರು. ಉಷಶ್ರೀ ಅಲ್ಲಿಗೆ ಮಾತು ಮುಗಿಸಿದರು. ಮೆಟ್ಟಿಲ ಮೇಲೆ ಕುಳಿತು ಕೇಳಿದವರೆಲ್ಲ ಎದ್ದು ತಂತಮ್ಮ ಮನೆ ಸೇರಿದರು.