ಮೂಗ ರೂಮಿನ ಕೂಗು

ನಗೋರು ಈಗ್ಲೇ ನಕ್ಬಿಡಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೆ ನಾನು ಎದ್ದು ಹೋಗ್ತೀನಿ, ಆಮೇಲೆ ಕಾಲಿಗೆ ಬಿದ್ರೂ ಹೇಳಲ್ಲ. ಇದು ಯಾರಿಗೋ ಎಲ್ಲೋ ಆಗಿದ್ದಲ್ಲ. ನಮ್ಮ ಚಿಕ್ಕಮ್ಮನ ಮಗಳು ಶಿವರತ್ನಮ್ಮಂಗೆ ಆಗಿದ್ದು. ಧನಗೆರೇಲಿ ಇದ್ದಾಳೆ, ಗಟ್ಟಿಮುಟ್ಟಾಗೇ ಇದ್ದಾಳೆ, ಉಬ್ಬಸ ಒಂದು ಬಿಟ್ರೆ.

ಪಾದ್ರಿಗಳು ನಡೆಸೋ ದೊಡ್ಡ ಯೂನಿವರ್ಸಿಟಿಯೋರು, ಸೈನ್ಸು ಟೆಕ್ನಾಲಜಿಗೆ ಅಂತ್ಲೇ ನಮ್ಮ ಕಡೆ ಹೊಸ ಕ್ಯಾಂಪಸ್ ಕಟ್ತಾ ಇದ್ದ ಕಾಲ. ಗದ್ದೆ ಬಯಲಲ್ಲಿ ಗಾಜಿನ ಬಿಲ್ಡಿಂಗು ಎದ್ದಿತ್ತು. ಚರ್ಚಿನ ಗಂಟೆ ಬಂದು ಮಣ್ಣಲ್ಲಿ ಕೂತಿತ್ತು, ಗೋಪುರ ಇನ್ನೂ ಬಂದಿರಲಿಲ್ಲ. ರತ್ನಂಗೆ ಅಲ್ಲಿ ಕಸ ಗುಡಿಸಿ ನೆಲ ಒರೆಸೋ ಕೆಲಸ ಸಿಕ್ಕಿತ್ತು.

ಅವತ್ತು ಶನಿವಾರ. ಕತ್ತಲಾಗಿತ್ತು. ಕೆಲಸ ಮುಗಿಸಿ ಮನೆ ಕಡೆ ಹೊರಟೋಳು ಹಳೇ ಬಾವಿ ಹತ್ರ ಬಂದಿದ್ಲು. ಹೊಲದ ಕಾಲದ ಬಾವಿ ಅದು, ಕ್ಯಾಂಪಸ್ ಒಳಗೇ ಸೇರ್ಕೊಂಡಿತ್ತು. ಅದನ್ನ ಮುಚ್ಚೋವಾಗ ಕ್ಯಾಂಪಸ್ ಕಟ್ಟಿಸ್ತಿದ್ದ ಫಾದರ್ ಸವರಿಮುತ್ತು ಊರೋರ ಪೂಜೆಗೂ ಒಪ್ಕೊಂಡು, ತಾವೂ ಜಪಸರ ಹಿಡಿದು ಪಕ್ಕದಲ್ಲಿ ನಿಂತಿದ್ರು. ಮಾರ್ಟಳ್ಳಿ ಕಡೆಯೋರು, ತಮಿಳು ಬೆರೆಸಿ ಕನ್ನಡ ಆಡ್ತಾರೆ. ಒಳ್ಳೇ ಮನುಷ್ಯ. ಆದ್ರೆ ಬಾವಿ ಮುಚ್ಚಿದ್ರೆ ಅದರ ಕತೆ ಮುಚ್ಚೋಗ್ತದಾ?

ಬಹಳ ವರ್ಷದ ಹಿಂದೆ ಅದರೊಳಕ್ಕೆ ರಂಗಮ್ಮ ಅನ್ನೋಳು ಬಿದ್ದಿದ್ಲು. ಸಂಜೆಗತ್ತಲಲ್ಲಿ ನೀರು ಸೇದೋಕೆ ಬಂದು ಕಾಲು ಜಾರ್ತು. ಒಂದೇ ಒಂದು ಸಲ ಕೂಗಿದ್ಲು. ಕೇಳಿಸ್ಕೊಂಡೋರು ಇದ್ರು... ಆದ್ರೆ ನಮ್ಮ ಕಡೆ ಪದ್ಧತಿ ಗೊತ್ತಲ್ಲ? ಕತ್ತಲಾದ ಮೇಲೆ ಯಾರಾದ್ರೂ ಕೂಗಿದ್ರೆ, ಮೂರು ಸಲ ಕೂಗೋವರೆಗೂ ಓಗೊಡಬಾರದು. ಮನುಷ್ಯ ಆದ್ರೆ ಮೂರು ಸಲ ಕೂಗ್ತಾನೆ. ದೆವ್ವಕ್ಕೆ ಒಂದೇ ಕೂಗು. ಅದಕ್ಕೇ ಕೇಳಿಸ್ಕೊಂಡೋರು ಎರಡನೇ ಕೂಗಿಗೆ ಕಾದ್ರು. ಎರಡನೇದು ಬರಲೇ ಇಲ್ಲ.

ಬಾವಿ ಹತ್ರ ಬಂದಾಗ ರತ್ನಂಗೆ ನೆನಪಾಯ್ತು... ಊಟದ ಡಬ್ಬಿ ಮೂಗ ರೂಮಲ್ಲೇ ಉಳಿದುಬಿಟ್ಟಿದೆ! ಸೋಮವಾರಕ್ಕೆ ಹುಳ ಬಿದ್ದಿರ್ತದೆ ಅಂತ ಬೈಕೊಂಡು, ಚೀಲಾನ ಬಾವಿ ಪಕ್ಕದ ಬೇವಿನ ಕೊಂಬೆಗೆ ತಗಲಿಸಿದ್ಲು. ನುಗ್ಗೆಸೊಪ್ಪು ತುಂಬಿ ಭಾರ ಇತ್ತು, ಈಗ್ಲೇ ಬಂದುಬಿಡ್ತೀನಲ್ಲ ಅಂತ. ಅವಳ ಫೋನು ಅದರೊಳಗೇ ಇತ್ತು. ಉಬ್ಬಸಕ್ಕೆ ಬಾಯಿಗೆ ಹೊಡ್ಕೊಳ್ಳೋ ಪಂಪೂ ಅದರೊಳಗೇ.

ಮೂಗ ರೂಮು ಅಂದ್ರೇನು ಅಂತೀರಾ? ಹೆಸರಿಟ್ಟೋರು ಕೆಲಸದೋರೇ. ಮೈಕು, ಸ್ಪೀಕರು ಪರೀಕ್ಷೆ ಮಾಡೋ ರೂಮಂತೆ, ಬಾವಿ ಮಗ್ಗುಲ ಬಿಲ್ಡಿಂಗಲ್ಲೇ ಇತ್ತು. ಗೋಡೆಗೆ, ಸೂರಿಗೆಲ್ಲ ಮೊಳದುದ್ದ ಚೂಪು ಚೂಪಾದ ಸ್ಪಂಜು. ಒಳಗೆ ಕೈ ಚಪ್ಪಾಳೆ ತಟ್ಟಿದ್ರೆ ಸದ್ದು ಅಲ್ಲೇ ಸತ್ತೋಗ್ತದೆ. ನೆಲ ಅನ್ನೋದೇ ಇಲ್ಲ, ತಂತಿ ಬಲೆ ಬಿಗಿದಿದ್ದಾರೆ. ಬಲೆ ಮೇಲೆ ನಡೀಬೇಕು. ಕೆಳಗೆ ಮತ್ತೆ ಸ್ಪಂಜು, ಅದರ ಕೆಳಗೆ ಕತ್ತಲೆ. ಒಂದರ ಹಿಂದೆ ಒಂದು ಎರಡು ದಪ್ಪ ಬಾಗಿಲು. ಒಳಬಾಗಿಲು ತಂತಾನೇ ಮುಚ್ಕೊಳ್ತದೆ, ಒಳಗಡೆ ಹಿಡಿ ಇನ್ನೂ ಹಾಕಿರಲಿಲ್ಲ. ಎಲ್ಲಾರೂ ಇಟ್ಟಿಗೆ ಅಡ್ಡ ಇಟ್ಟೇ ಒಳಗೆ ಹೋಗ್ತಿದ್ರು. ರತ್ನಾನೂ ದಿನಾ ಇಡ್ತಿದ್ಲು. ಅವತ್ತು... ಒಂದು ಡಬ್ಬಿ ತಾನೇ, ಅಂದ್ಕೊಂಡ್ಲು.

ಹೊರಗಡೆ ಲೈಟ್ ಸ್ವಿಚ್ ಹಾಕಿ ಒಳಗೆ ಹೋದ್ಲು. ಡಬ್ಬಿಗೆ ಬಗ್ಗಿದ್ಲು. ಹಿಂದೆ... ಪುಸ್ಸ್... ಟಪ್.

ತಳ್ಳಿದ್ಲು. ಉಗುರು ಹಾಕಿ ಎಳೆದ್ಲು. ಡಬ್ಬೀಲಿ ಬಡಿದ್ಲು. "ಯಾರಾದ್ರೂ ಬನ್ರೋ!" ಅಂತ ಅರಚಿದ್ಲು. ಕೂಗು ಬಾಯಿಂದ ಒಂದು ಗೇಣೂ ಮುಂದಕ್ಕೆ ಹೋಗ್ಲಿಲ್ಲ. ಹತ್ತಿ ಮೂಟೆಯೊಳಗೆ ತಲೆ ತೂರಿಸಿದಂಗೆ. ಆಮೇಲೆ ಸುಮ್ಮನಾದಾಗ ಶುರುವಾಯ್ತು ನೋಡಿ... ಲಬ್... ಡಬ್... ಅವಳ ಎದೆ ಅವಳಿಗೇ ಕೇಳಿಸ್ತಾ ಇತ್ತು. ಕಿವಿಯೊಳಗೆ ಸುಂಯ್ಯ್ ಅಂತ ರಕ್ತ ಹರಿಯೋದು. ಕತ್ತು ತಿರುಗಿಸಿದ್ರೆ ಮೂಳೆ ಕರಕ್. ಹೊರಗಿಂದ ಏನೂ ಇಲ್ಲ, ಬರೀ ತಾನೇ ತಾನು.

ನಾಳೆ ಭಾನುವಾರ, ಯಾರೂ ಬರಲ್ಲ. ಹೊಸಾ ಅಂಟಿನ ಘಾಟು ಗಂಟಲಿಗೆ ಅಡರ್ತಾ ಇತ್ತು. ಎದೆ ಆಗ್ಲೇ ಕುಯ್ಯ್... ಕುಯ್ಯ್... ಅನ್ನೋಕೆ ಶುರು ಮಾಡಿತ್ತು. ಪಂಪು ಬೇವಿನ ಮರದಲ್ಲಿ. ಬೆಳಗಾಗೋವರೆಗೂ ನಾನು ಉಳಿಯಾಕಿಲ್ಲ ಅಂತ ಅವಳಿಗೆ ಖಚಿತವಾಗಿ ಗೊತ್ತಾಗೋಯ್ತು. ಬಾಗಿಲಿಗೆ ಒರಗಿ ಅತ್ತುಬಿಟ್ಲು.

ಎಷ್ಟೊತ್ತೋ ಏನೋ...

"ರತ್ನಾ..."

ಒಂದು ಕೂಗು. ಗಂಡಸಿಂದೋ ಹೆಂಗಸಿಂದೋ, ದೂರಾನೋ ಹತ್ರಾನೋ, ಒಂದೂ ಗೊತ್ತಾಗ್ಲಿಲ್ಲ. ಆ ರೂಮು ಧ್ವನಿಯ ಸಿಪ್ಪೆ ಸುಲಿದು ಒಳಗೆ ಬಿಡ್ತದೆ. ರತ್ನನ ಬಾಯಿ ತೆರೀತು... "ಓ" ನಾಲಿಗೆ ತುದಿಗೆ ಬಂದಿತ್ತು. ಹೊರಗಡೆ ಬಾವಿ. ಕತ್ತಲೆ. ಒಂದೇ ಕೂಗು. ಅಂಗೈಲಿ ಬಾಯಿ ಮುಚ್ಕೊಂಡ್ಲು. ಎರಡನೇದು ಬರ್ಲಿ, ಮೂರನೇದು ಬರ್ಲಿ ಅಂತ ಕಾದ್ಲು.

ಧಡ್. ಹೊರಬಾಗಿಲು ಮುಚ್ಚಿದ್ದು. ಕಟಕ್... ಬೀಗ. ಲೈಟೂ ಆರಿಹೋಯ್ತು.

ಬೀಗದ ಸದ್ದು ಕೇಳಿದ ಮೇಲೆ ಬುದ್ಧಿ ಬಂತು. ದೆವ್ವ ಎಲ್ಲಾದ್ರೂ ಬೀಗ ಹಾಕ್ತದಾ, ಸ್ವಿಚ್ ಆರಿಸ್ತದಾ? ಗೇಟಿನ ವಾಚ್‌ಮ್ಯಾನ್ ಕೆಂಚಯ್ಯ! ಮರದಲ್ಲಿ ಚೀಲ ನೋಡಿ ಹುಡುಕ್ಕೊಂಡು ಬಂದಿದ್ದಾನೆ. ಹೊರಬಾಗಿಲು ತೆಗೆದು, ಲೈಟ್ ಸ್ವಿಚ್ ಹಾಕಿರೋದು ನೋಡಿ ಒಂದು ಸಲ ಕೂಗಿದ್ದಾನೆ. ಆ ಬಾವಿ ಮಗ್ಗುಲಲ್ಲಿ ರಾತ್ರಿ ಹೊತ್ತು ಇನ್ನೊಂದು ಸಲ ಬಾಯಿ ಬಿಡೋ ಧೈರ್ಯ ಆ ಮನುಷ್ಯನಿಗೆ ಇಲ್ಲ. ಉತ್ತರ ಬರದಿದ್ದಕ್ಕೆ, ಒಳಗೆ ಯಾರೂ ಇಲ್ಲ, ಲೈಟ್ ಆರಿಸೋದು ಮರೆತಿದ್ದಾರೆ ಅಂದ್ಕೊಂಡು ಬೀಗ ಹಾಕಿ ಹೊರಟುಹೋಗಿದ್ದಾನೆ.

"ಕೆಂಚಣ್ಣಾ! ಇಲ್ಲೇ ಇವ್ನಿ ಕಣಣ್ಣಾ! ಕೆಂಚಣ್ಣಾ..."

ಎಲ್ಲಿ ಕೇಳಿಸ್ತದೆ? ಎರಡು ಬಾಗಿಲು, ಮಾರು ದಪ್ಪದ ಗೋಡೆ. ಕೈಗೆ ಬಂದ ಪ್ರಾಣ ಬಾಯಿ ಮುಚ್ಕೊಂಡು ಕಳ್ಕೊಂಡಿದ್ಲು. ಹಣೆ ಹಣೆ ಚಚ್ಕೊಂಡ್ಲು. "ಮುಂಡೇದೇ, ಒಂದು ಓ ಅಂದಿದ್ರೆ ಏನೋಗ್ತಿತ್ತು ನಿನ್ ಗಂಟು!" ಅಂತ ತನ್ನನ್ನೇ ಬೈಕೊಂಡ್ಲು. ಬೈಯ್ಯೋಕೂ ಉಸಿರು ಸಾಲಲಿಲ್ಲ.

ಕತ್ತಲು ಅಂದ್ರೆ ಕಣ್ಣು ಮುಚ್ಚಿದ್ರೂ ಒಂದೇ, ಬಿಟ್ರೂ ಒಂದೇ. ಬಲೆ ಮೇಲೆ ಮಲಗಿಬಿಟ್ಲು. ಕೆನ್ನೆಗೆ ತಂತಿ ಒತ್ತಿತು. ಉಸಿರು ಸಣ್ಣ ಸೀಟಿ ಆಗೋಯ್ತು.

ಆಗ ಕೆಳಗಿಂದ... ಕಿರ್ರ್... ಕಿರ್ರ್...

ರಾಟೆ ತಿರುಗೋ ಸದ್ದು. ಹಳ್ಳೀಲಿ ಹುಟ್ಟಿದೋರಿಗೆ ಅದು ಬೇರೆ ಯಾವುದೂ ಆಗೋಕೆ ಸಾಧ್ಯ ಇಲ್ಲ. ಆಮೇಲೆ ತೊಟ್... ತೊಟ್... ನೀರು. ಸದ್ದೇ ಇರದ ರೂಮಲ್ಲಿ ಅವೆರಡೂ ಎಷ್ಟು ಸ್ಪಷ್ಟ ಅಂದ್ರೆ, ಹಗ್ಗ ಉಜ್ಜೋ ಸರಸರಾನೂ ಕೇಳಿಸ್ತಿತ್ತಂತೆ.

"ಯಾರವ್ವಾ... ಮ್ಯಾಲೆ?"

ಹೆಂಗಸಿನ ಪಿಸುಮಾತು. ಬಲೆ ಕೆಳಗಿಂದ. ಒಂದೇ ಸಲ.

ರತ್ನ ಬಲೆ ತಂತೀನ ಬಿಗಿಯಾಗಿ ಹಿಡ್ಕೊಂಡ್ಲು. ಅಜ್ಜಿ ಹೇಳಿದ್ದು, ಅವ್ವ ಹೇಳಿದ್ದು, ಎಲ್ಲಾ ಒಟ್ಟಿಗೆ ನುಗ್ಗಿ ಬಂದ್ವು. ಆದ್ರೆ ಆಗ್ಲೇ ಒಂದು ಸಲ ಬಾಯಿ ಮುಚ್ಕೊಂಡು ಸಾಯೋ ಹಂಗಾಗಿತ್ತಲ್ಲ? ಇನ್ನು ಕಳ್ಕೊಳ್ಳೋಕೆ ಏನಿದೆ ಅಂತ ಕಣ್ಣು ಬಿಗಿಯಾಗಿ ಮುಚ್ಚಿ...

"ಓ..." ಅಂದ್ಲು.

ರಾಟೆ ನಿಂತೋಯ್ತು.

"ಕೇಳುಸ್ತಾ... ನಂಗೆ ಓ ಅಂದ್ಯಾ?"

"ಕೇಳುಸ್ತು ಕಣವ್ವಾ. ನಾನಿಲ್ಲಿ ಸಿಕ್ಕಾಕಂಡಿವ್ನಿ. ಉಸುರು... ಉಸುರು ಆಡ್ತಿಲ್ಲ."

"ನಂಗೂ ಇಂಗೇ ಆಗಿತ್ತು."

ತೊಟ್... ತೊಟ್...

"ಯಾರ್ನ ಕೂಗ್ಲವ್ವಾ?"

"ಗೇಟಲ್ಲಿ ಕೆಂಚಣ್ಣ ಅವ್ನೆ. ಒಂದ್ ಸಲ ಕೂಗುದ್ರೆ ಬರಾಕಿಲ್ಲ. ಮೂರ್ ಸಲ ಕೂಗು ತಾಯೀ... ನಿನ್ ದಮ್ಮಯ್ಯ."

"ಮೂರ್ ಸಲಾನಾ..." ಅಂತು ಆ ಧ್ವನಿ. "ಅವತ್ತು ಅಷ್ಟು ಉಸುರಿರ್ನಿಲ್ಲ ಕಣವ್ವಾ ನಂಗೆ."

ಅಷ್ಟೇ. ರತ್ನ ಇದನ್ನ ಹೇಳೋವಾಗ ಇಲ್ಲಿಗೆ ಬಂದ್ರೆ ಅಳ್ತಾಳೆ, ಹೆದರಿ ಅಲ್ಲ. ಆಮೇಲೆ ಅವಳಿಗೆ ಪ್ರಜ್ಞೆ ಇಲ್ಲ. ಕಣ್ಣು ಬಿಟ್ಟಾಗ ಬೇವಿನ ಮರದ ಕೆಳಗೆ ಮಲಗಿದ್ಲು. ಕೆಂಚಯ್ಯ ಚೀಲಾನೆಲ್ಲ ನೆಲಕ್ಕೆ ಸುರಿದು, ಸೊಪ್ಪಿನ ಮಧ್ಯೆ ಪಂಪು ಹುಡುಕಿ ಅವಳ ಬಾಯಿಗೆ ಹಿಡಿದಿದ್ದ. ಆ ವಯಸ್ಸಲ್ಲಿ ಅವಳನ್ನ ಅಲ್ಲೀವರೆಗೂ ಹೊತ್ಕೊಂಡು ಬಂದಿದ್ದ.

ಉಸಿರು ಹತೋಟಿಗೆ ಬಂದ ಮೇಲೆ ಅವಳು ಮೆಲ್ಲಗೆ ಕೇಳಿದ್ಲು. "ನಾ ಕೂಗಿದ್ದು ಕೇಳುಸ್ತಾ ಅಣ್ಣಾ?"

"ನೀನಲ್ಲ."

"ಮತ್ಯಾರು?"

ಆ ಮುದುಕ ಬಾವಿ ಕಡೆ ನೋಡ್ಲಿಲ್ಲ. "ಆ ರೂಮಿನ್ ಕಡೆಯಿಂದ ಮೂರ್ ಸಲ ಕೂಗುದ್ರು. ಅದ್ಕೇ ಎದ್ದ್ ಬಂದೆ."

"ಕೆಂಚಣ್ಣಾ ಅಂತ್ಲಾ?"

"ಅಲ್ಲ ಕಣವ್ವ. ಭಾವಾ... ಅಂತ."

ಅಂದೋನು ಟವಲ್ಲು ಮುಖಕ್ಕೆ ಒತ್ಕೊಂಡು, ಗಂಡಸು ಅನ್ನೋದೂ ಮರೆತು ಬಿಕ್ಕಿ ಬಿಕ್ಕಿ ಅತ್ತ. ಲೋಕದಲ್ಲಿ ಅವನನ್ನ ಭಾವ ಅಂತ ಕರೀತಿದ್ದೋಳು ಒಬ್ಬಳೇ, ಅವನ ತಮ್ಮನ ಹೆಂಡ್ತಿ. ಅವಳೇ ರಂಗಮ್ಮ. ಅವತ್ತು ಸಂಜೆ ಆ ಒಂದು ಕೂಗು ಕೇಳಿಸ್ಕೊಂಡು, ಎರಡನೇದಕ್ಕೆ ಕಾದು ಕೂತಿದ್ದೋನು ಇವನೇ. ಅಲ್ಲಿಂದ ಇಲ್ಲಿವರೆಗೂ ಯಾರ ಹತ್ರಾನೂ ಬಾಯಿ ಬಿಟ್ಟಿರಲಿಲ್ಲ.

ಸೋಮವಾರ ಫಾದರ್ ನಿಂತು ಒಳಗಡೆ ಹಿಡಿ ಹಾಕಿಸಿದ್ರು, ಒಳಗಿಂದ ಒತ್ತಿದ್ರೆ ಹೊರಗೆ ಬೆಲ್ ಹೊಡೆಯೋ ಬಟನ್ನೂ ಇಡಿಸಿದ್ರು. ಬಲೆ ಎತ್ತಿ ಕೆಳಗೆಲ್ಲ ನೋಡಿದ್ರು. ಸ್ಪಂಜು ಒಣಗಿಕೊಂಡೇ ಇತ್ತು, ಒಂದು ತೊಟ್ಟು ನೀರಿಲ್ಲ. ಉಬ್ಬಸದಲ್ಲಿ ತಲೆಗೆ ಗಾಳಿ ಹತ್ತದೆ ಹಂಗೆಲ್ಲ ಕೇಳಿಸಿದೆ ಅಂದ್ರು ಇಂಜಿನಿಯರು. ಅಂದ್ಕೊಳ್ಳಲಿ ಬಿಡಿ. ಗೇಟಲ್ಲಿ ಕೂತಿದ್ದ ಕೆಂಚಯ್ಯಂಗೆ ಯಾವ ಉಬ್ಬಸ ಇತ್ತು?

ನಂಬದೇ ಇದ್ರೆ ನಿಮ್ಮಿಷ್ಟ. ಹುಡುಗರು ಬಂದು ಕ್ಲಾಸು ಶುರುವಾಗಿದೆ, ಕೆಂಚಯ್ಯ ಈಗ್ಲೂ ಅದೇ ಗೇಟಲ್ಲಿದ್ದಾನೆ. ಹೋದ ತಿಂಗಳು ನಾನೇ ರತ್ನನ್ನ ಕರ್ಕೊಂಡು ಬರೋಕೆ ಅಂತ ಹೋಗಿದ್ದೆ, ಅವನ ಜೊತೆ ಬೆಂಚಿನ ಮೇಲೆ ಕೂತಿದ್ದೆ. ದೀಪ ಹಚ್ಚೋ ಹೊತ್ತು. ಒಂದು ನಾಯೀನೂ ಬೊಗಳ್ತಿರಲಿಲ್ಲ, ಯಾರೂ ಏನೂ ಅಂದಿರಲಿಲ್ಲ, ನನ್ನ ಕಿವಿ ನೆಟ್ಟಗಿದೆ. ಮಾತಾಡ್ತಾ ಇದ್ದೋನು ತಟ್ಟನೆ ನಿಲ್ಲಿಸಿ ಬೀಡಿ ಕೆಳಗಿಟ್ಟ. ಬಾವಿ ಕಡೆ ತಿರುಗಿ, ಮನೆಯೋರಿಗೆ ಅಂದಂಗೆ, "ಓ... ಬಂದೆ ಕಣವ್ವಾ" ಅಂದ.