ಹತ್ತು ಕೂಡು ಎರಡು ಗುಣಿಸು ಮೂರು

ಮೊದಲು ಆ ಕಿಟಕಿ ಹಾಕ್ರಿ. ಇದು ನಮ್ಮ ದೊಡ್ಡಪ್ಪನ ಮಗ ಪ್ರಾಣೇಶಗ ಆದದ್ದು, ಎರಡು ಸಾವಿರದ ಒಂದರಾಗ.

ಪಟಾನ್‌ಚೆರುದಾಗ ಒಂದು ಔಷಧಿ ಫ್ಯಾಕ್ಟರಿ. ರಾತ್ರಿ ಹನ್ನೊಂದಕ್ಕ ಅಲ್ಲಿಂದ ಬಸ್‌ಸ್ಟಾಪಿಗೆ ಒಬ್ಬನೇ ಹೊಂಟಿದ್ದ. ದಾರ್ಯಾಗ ದೊಡ್ಡ ಆಲದಮರ. ಹಿಂದ ಸಪ್ಪಳ... ಚೊಳ್... ಚೊಳ್... ನೀರು ತುಂಬಿದ ಗಮ್‌ಬೂಟಿಂದು. ಮೇ ತಿಂಗಳು, ಹನಿ ಮಳಿ ಇಲ್ಲ! ಆ ನಡಿಗಿ ಗೊತ್ತಿದ್ದದ್ದೇ. ಆಪರೇಟರ್ ಚಂದ್ರಕಾಂತಂದು. ಅವ ಸತ್ತು ಒಂಬತ್ತು ದಿನ ಆಗಿತ್ತು.

ಏನಾಗಿತ್ತಂದ್ರ... ಪ್ರಾಣೇಶ ಅಮೀರ್‌ಪೇಟ್‌ನಾಗ ಮೂರೇ ತಿಂಗಳು ಕಂಪ್ಯೂಟರ್ ಕಲ್ತು ದೊಡ್ಡ ಪ್ರೋಗ್ರಾಮರ್ ಆಗಿದ್ದ, ಏನ್ ಕೇಳ್ತೀರಿ! ಟ್ಯಾಂಕಿಗೆ ಎಷ್ಟು ಆಸಿಡ್ ಬಿಡಬೇಕಂತ ಆಪರೇಟರ್ ಒಂದು ಫೈಲಿನಾಗ ಸೂತ್ರ ಬರೀಬೇಕು. ಇವನ ಪ್ರೋಗ್ರಾಮ್ ಆ ಬರಹ ಓದಿ ಲೆಕ್ಕ ಹಾಕಬೇಕು. ಚಂದ್ರಕಾಂತ ಸರಿಯಾಗೇ ಬರದಿದ್ದ: 10+2*3. ಮೊದಲು ಗುಣಿಸಿ ಆಮ್ಯಾಲ ಕೂಡಿಸಿದ್ರ ಹದಿನಾರು ಲೀಟರ್. ಇವನ ಪ್ರೋಗ್ರಾಮ್ ಎಡದಿಂದ ಬಲಕ್ಕ ಓದಿಕೋತ ಹೋತು... ಮೂವತ್ತಾರು ಬಿಡ್ತು. ಟ್ಯಾಂಕ್ ಒಡೀತು, ಚಂದ್ರಕಾಂತ ಅಲ್ಲೇ ಸತ್ತ.

ಅದೇ ರಾತ್ರಿ ಇವ ಗುಟ್ಟಾಗಿ ಪ್ರೋಗ್ರಾಮ್ ತಿದ್ದಿದ. ಮೂವತ್ತಾರೇ ಬರೋಹಂಗ ಫೈಲಿನಾಗ 10+2ಕ್ಕ ಕಂಸಾನೂ ಹಾಕಿದ. "ಅವನೇ ತಪ್ಪು ಬರದಾನ್ರಿ" ಅಂದ. ಚಂದ್ರಕಾಂತನ ಹೆಂಡ್ತಿ ಸುಭದ್ರಾ ಗೇಟ್ ಹಿಡಕೊಂಡು ಅಳ್ತಿದ್ಲು, "ನಮ್ಮವರು ಲೆಕ್ಕ ತಪ್ಪೋರಲ್ರಿ..." ಆ ಆಲದಮರದ ರಾತ್ರಿ ಕಳದ ಮರುದಿನಾನೇ ವಿಚಾರಣೆ. ಇವ ಹೇಳಿಕಿಗೆ ಸಹಿ ಹಾಕಬೇಕಿತ್ತು.

ಆಲದ ಕೆಳಗ ಸಪ್ಪಳ ನಿಂತಿತು. ಕಿವಿ ಹತ್ರ ಪಿಸುಮಾತು.

"ಮೊದಲು ಯಾವುದು?"

"ಗು... ಗುಣಾಕಾರ."

"ನಾಳೆ ಹಂಗೇ ಹೇಳು."

"ಹೇಳ್ತೀನಿ... ರಾಯರ ಆಣಿ, ಹೇಳ್ತೀನಿ."

ಹೇಳಲಿಲ್ಲ, ಹೇಡಿ! ನೌಕರಿ ಹೋಗ್ತೈತಂತ ಸುಳ್ಳಿಗೇ ಸಹಿ ಹಾಕಿ ಬಂದ. ನನ್ನ ಅಣ್ಣ ಆದ್ರೂ ಹೇಳ್ತೀನಿ, ನನಗ ಆ ಸುಭದ್ರಾನ ನೆನೆಸಿದ್ರ ಹೊಟ್ಟಿ ಉರೀತೈತಿ. ಮತ್ತ ಆ ನೌಕರಿಯಾದ್ರೂ ಉಳೀತೇನು? ಆರು ತಿಂಗಳಿಗೇ ಬಿಟ್ಟ. ಆಲದಮರದ್ದೆಲ್ಲಾ ಆಮ್ಯಾಲ ನನಗ ಹೇಳಿದ, ನೌಕರಿ ಯಾಕ ಬಿಟ್ಟಂತ ಮಾತ್ರ ಯಾರಿಗೂ ಹೇಳಲಿಲ್ಲ.

ಹೋದ ವಾರ ಮಣಿಕೊಂಡದಾಗ ಅವನ ಮನಿಗೆ ಹೋಗಿದ್ದೆ. ಮಗಳು ಭಕ್ತಿ ಕಾಲೇಜಿನ ಸೈಂಟಿಫಿಕ್ ಕ್ಯಾಲ್ಕುಲೇಟರ್ ಹಿಡಕೊಂಡು ಕೂತಿದ್ಲು. ಅದೇ ಲೆಕ್ಕ ಒತ್ತು ಅಂದೆ. ಹದಿನಾರು ಬಂತು. ನಾನೂ ಒತ್ತಿದೆ, ಹದಿನಾರು. ಪ್ರಾಣೇಶನ ಕೈಯಾಗ ಕೊಟ್ಟೆ. ಒಲ್ಲೆ ಒಲ್ಲೆ ಅಂದ... ಒತ್ತಿದ.

ಮೂವತ್ತಾರು.

ಮೂರು ಸಲ ಒತ್ತಿಸಿ ನೋಡೀನ್ರಿ, ಈ ಕಣ್ಣಿಲೇ. ತಿರುಗಿ ಇಸಕೊಂಡಾಗ ಗುಂಡಿ ಎಲ್ಲಾ ಒದ್ದಿಯಾಗಿದ್ವು.